ಕರೆಂಟ್ ಹೋಗಿ ಬಂದಾಗ ಎರಡು ನೆಟ್‌ವರ್ಕ್ ಕಾರ್ಡುಗಳ ಹೆಸರು ಅದಲುಬದಲಾಗುತ್ತಿವೆ, ಸರ್ವಿಸುಗಳು ಏಳುತ್ತಿಲ್ಲ

ತಿಕೋಟಾ ಕಡೆಯ ಸದಸ್ಯ, ವಿಜಯಪುರ ಜಿಲ್ಲೆ · ಸೋಮವಾರ ಬೆಳಿಗ್ಗೆ

ಎಲ್ಲರಿಗೂ ಶರಣು. ತಿಕೋಟಾ ಹತ್ತಿರದ ಒಂದು ಕೋಲ್ಡ್ ಸ್ಟೋರೇಜಿನಲ್ಲಿ ಕಂಪ್ಯೂಟರುಗಳ ಕೆಲಸ ನನ್ನ ಪಾಲಿಗೆ ಬಂದಿದೆ. ಸುತ್ತಲಿನ ಬೆಳೆಗಾರರು ತಮ್ಮ ಒಣದ್ರಾಕ್ಷಿಯನ್ನು ಇಲ್ಲಿ ಇಟ್ಟು, ದರ ನೋಡಿ ಮಾರುತ್ತಾರೆ. ಆದ್ದರಿಂದ ಪ್ರತಿ ಚೇಂಬರಿನ ಉಷ್ಣತೆಯನ್ನು ಹಗಲು ರಾತ್ರಿ ದಾಖಲಿಸಬೇಕಾಗುತ್ತದೆ. ಡೆಬಿಯನ್ 12 ಎಂಬ ಲಿನಕ್ಸ್ ಇರುವ ಒಂದು ಹಳೆಯ ಡೆಸ್ಕ್‌ಟಾಪ್ ಆ ಕೆಲಸ ಮಾಡುತ್ತಿದೆ. ಮದರ್‌ಬೋರ್ಡಿನಲ್ಲಿರುವ ಕಾರ್ಡ್ ಈಥ್0 ಎಂಬ ಹೆಸರಿನಲ್ಲಿ ಕಚೇರಿಯ ಸ್ವಿಚ್ಚಿಗೂ ಅಲ್ಲಿಂದ ಇಂಟರ್ನೆಟ್ ರೂಟರಿಗೂ ಹೋಗುತ್ತದೆ. ಆಮೇಲೆ ಹಾಕಿಸಿದ ಕಾರ್ಡ್ ಈಥ್1 ಎಂಬ ಹೆಸರಿನಲ್ಲಿ ಸೆನ್ಸರ್‌ಗಳ ಪ್ರತ್ಯೇಕ ಸ್ವಿಚ್ಚಿಗೆ ಹೋಗುತ್ತದೆ. ಈಥ್1ಕ್ಕೆ 192.168.50.1 ಎಂಬ ಸ್ಥಿರ ವಿಳಾಸ ಕೊಟ್ಟಿದ್ದೇನೆ. ಡಿಎನ್‌ಎಸ್‌ಮಾಸ್ಕ್ ಅದರ ಮೇಲೆ ಸೆನ್ಸರ್‌ಗಳಿಗೆ ವಿಳಾಸ ಹಂಚುತ್ತದೆ, ನಾನು ಬರೆದ ಸಂಗ್ರಹದ ಪ್ರೋಗ್ರಾಂ ಅದೇ ವಿಳಾಸದಲ್ಲಿ ಅಂಕಿಗಳನ್ನು ಬರೆದುಕೊಳ್ಳುತ್ತದೆ, ಇನ್ನೊಂದು ಪ್ರೋಗ್ರಾಂ ಅವುಗಳನ್ನು 10 ನಿಮಿಷಕ್ಕೊಮ್ಮೆ ಹೊರಗಿನ ಸರ್ವರಿಗೆ ಕಳುಹಿಸುತ್ತದೆ.

ನಾನೇ ಕುಳಿತು ರೀಬೂಟ್ ಮಾಡಿದಾಗ ಎಲ್ಲವೂ ಸರಿಯಾಗಿ ಏಳುತ್ತದೆ. ಆದರೆ ರಾತ್ರಿ ಕರೆಂಟ್ ಹೋಗಿ, ಯುಪಿಎಸ್ ಬ್ಯಾಟರಿ ಮುಗಿದು, ಮತ್ತೆ ಕರೆಂಟ್ ಬಂದು ಯಂತ್ರ ತಾನಾಗಿಯೇ ಶುರುವಾದಾಗ ಕೆಲವು ಸಲ ಡಿಎನ್‌ಎಸ್‌ಮಾಸ್ಕೂ ಸಂಗ್ರಹದ ಪ್ರೋಗ್ರಾಮೂ ಸತ್ತು ಬಿದ್ದಿರುತ್ತವೆ. ಇದಕ್ಕಿಂತ ದೊಡ್ಡ ತೊಂದರೆ ಎರಡು ಸಲ ಆಗಿದೆ: ಬೆಳಿಗ್ಗೆ ಬಂದು ನೋಡಿದರೆ ಲೆಕ್ಕದ ವಿಭಾಗದ ಕಂಪ್ಯೂಟರುಗಳಿಗೆಲ್ಲ 192.168.50 ಸಾಲಿನ ವಿಳಾಸ ಬಂದು ಇಂಟರ್ನೆಟ್ ನಿಂತಿತ್ತು, ಸೆನ್ಸರ್‌ಗಳಿಗೆ ವಿಳಾಸವೇ ಸಿಕ್ಕಿರಲಿಲ್ಲ. ಆರಂಭದ ಸ್ಕ್ರಿಪ್ಟಿನಲ್ಲಿ 30 ಸೆಕೆಂಡು ಕಾಯುವ ಸ್ಲೀಪ್ ಸಾಲನ್ನು ಸೇರಿಸಿ, ಆಮೇಲೆ ಎರಡೂ ಸರ್ವಿಸುಗಳನ್ನು (ಹಿನ್ನೆಲೆಯಲ್ಲಿ ಓಡುವ ಈ ಪ್ರೋಗ್ರಾಮುಗಳನ್ನು) ಮತ್ತೆ ಎಬ್ಬಿಸುವಂತೆ ಮಾಡಿದೆ. ಒಂದು ವಾರ ಸರಿ ಇತ್ತು, ಮತ್ತೆ ಕೆಟ್ಟಿತು. ರಾತ್ರಿಯ ದಾಖಲೆ ತಪ್ಪಿದರೆ ರೈತರಿಗೆ ನಾವು ಉತ್ತರ ಕೊಡಬೇಕಾಗುತ್ತದೆ. ದಯವಿಟ್ಟು ದಾರಿ ತೋರಿಸಿ.

ಬೆಳಗಾವಿಯ ಸದಸ್ಯ · ಸೋಮವಾರ ಮಧ್ಯಾಹ್ನ

ಶರಣು ಸರ್. ತಾವು ಒಂದೇ ತೊಂದರೆಯಂತೆ ಬರೆದಿರುವುದರಲ್ಲಿ ಕನಿಷ್ಠ ಎರಡು ತೊಂದರೆಗಳು ಕಾಣುತ್ತಿವೆ. ಕಾರ್ಡಿನ ಹೆಸರು ಬದಲಾಗುವುದು ಒಂದು. ಕಾರ್ಡಿಗೆ ವಿಳಾಸ ಬರುವ ಮೊದಲೇ ಸರ್ವಿಸ್ ಏಳುವುದು ಇನ್ನೊಂದು. ಇವೆರಡಕ್ಕೂ ಮದ್ದು ಬೇರೆ ಬೇರೆ, ಆದ್ದರಿಂದ ಮೊದಲು ಬೇರ್ಪಡಿಸಿ ನೋಡೋಣ. ಕೆಟ್ಟು ನಿಂತ ಬೂಟಿನ ದಾಖಲೆ ಬೇಕು, ಸರಿಯಾದ ಬೂಟಿನದಲ್ಲ. ಜರ್ನಲ್‌ಸಿಟಿಎಲ್ ಆಜ್ಞೆಗೆ ಬಿ ಮೈನಸ್ 1 ಎಂದು ಕೊಟ್ಟರೆ ಹಿಂದಿನ ಬೂಟಿನದು ಸಿಗುತ್ತದೆ. ಆ ದಾಖಲೆಯಲ್ಲಿ ಈಥ್ ಎಂಬ ಪದ ಬರುವ ಸಾಲುಗಳು, ಎರಡೂ ಕಾರ್ಡುಗಳ ಡ್ರೈವರುಗಳ ಹೆಸರು, ಕರ್ನಲ್ಲಿಗೆ (ಲಿನಕ್ಸಿನ ತಿರುಳಿಗೆ) ಬೂಟ್ ಶುರು ಮಾಡುವ ಗ್ರಬ್ ಕೊಡುವ ಸೂಚನೆಗಳ ಸಾಲು, ಮತ್ತು ಈ ಯಂತ್ರಕ್ಕೆ ಡೆಬಿಯನ್ 12 ಅನ್ನು ಹೊಸದಾಗಿ ಹಾಕಿದ್ದೋ ಹಳೆಯದರಿಂದ ಏರಿಸಿದ್ದೋ ಎಂಬುದನ್ನು ತಿಳಿಸಿ. ಸ್ಲೀಪ್ ಸಾಲನ್ನು ಸದ್ಯಕ್ಕೆ ತೆಗೆದುಬಿಡಿ, ಅದು ಇದ್ದರೆ ಕಾರಣ ಮುಚ್ಚಿಹೋಗುತ್ತದೆ.

ತಿಕೋಟಾ ಕಡೆಯ ಸದಸ್ಯ · ಸೋಮವಾರ ರಾತ್ರಿ

ತಾವು ಕೇಳಿದ್ದೆಲ್ಲ ತೆಗೆದು ನೋಡಿದೆ. ಮದರ್‌ಬೋರ್ಡಿನ ಕಾರ್ಡ್ ಆರ್8169 ಡ್ರೈವರಿನದು, ಆಮೇಲೆ ಹಾಕಿಸಿದ್ದು ಇ1000ಇ ಡ್ರೈವರಿನದು. ಯಂತ್ರ ಮೂಲದಲ್ಲಿ ಡೆಬಿಯನ್ 8 ಇದ್ದದ್ದು, ಒಂದೊಂದಾಗಿ 12ರವರೆಗೆ ಏರಿಸಲಾಗಿದೆ. ಗ್ರಬ್ ಸಾಲಿನಲ್ಲಿ ನೆಟ್ ಡಾಟ್ ಇಫ್‌ನೇಮ್ಸ್ 0 ಎಂದು ಇದೆ. ನನಗಿಂತ ಮೊದಲು ಇದ್ದವರು ಹಾಕಿರಬೇಕು. ಕೆಟ್ಟ ಬೂಟಿನಲ್ಲಿ ಇ1000ಇ ಕಾರ್ಡ್ ಮೊದಲು ಕಾಣಿಸಿಕೊಂಡು ಈಥ್0 ಆಗಿದೆ, ಸರಿಯಾದ ಬೂಟುಗಳಲ್ಲಿ ಅದು ಈಥ್1 ಆಗಿದೆ. ಹೆಸರು ಸರಿಯಿದ್ದೂ ಸರ್ವಿಸ್ ಸತ್ತ ಬೂಟಿನಲ್ಲಿ ಡಿಎನ್‌ಎಸ್‌ಮಾಸ್ಕ್ "ಈಥ್1 ಎಂಬ ಇಂಟರ್‌ಫೇಸ್ ಗೊತ್ತಿಲ್ಲ" ಎಂಬರ್ಥದ ಸಾಲು ಬರೆದು ನಿಂತಿದೆ. ಸಂಗ್ರಹದ ಪ್ರೋಗ್ರಾಂ 192.168.50.1ನ್ನು ಹಿಡಿಯಲು ಆಗಲಿಲ್ಲವೆಂದು ಐದು ಸಲ ಸತ್ತು, ಬಳಿಕ ಸರ್ವಿಸುಗಳನ್ನು ಎಬ್ಬಿಸಿ ನೋಡಿಕೊಳ್ಳುವ ಸಿಸ್ಟಮ್‌ಡಿ ಅದನ್ನು ಕೈಬಿಟ್ಟಿದೆ. ಸತ್ತರೆ ಮತ್ತೆ ಎಬ್ಬಿಸಬೇಕೆಂಬ ರೀಸ್ಟಾರ್ಟ್ ಸಾಲನ್ನು ನಾನು ಹಾಕಿದ್ದೆ, ಆದರೂ ಅದು ಏಕೆ ಕೈಬಿಟ್ಟಿತೋ ತಿಳಿಯಲಿಲ್ಲ.

ಬೆಳಗಾವಿಯ ಸದಸ್ಯ · ಮಂಗಳವಾರ ಬೆಳಿಗ್ಗೆ

ಹೆಸರಿನ ವಿಷಯ ಸ್ಪಷ್ಟವಾಯಿತು. ಈಥ್0, ಈಥ್1 ಎಂಬ ಸಂಖ್ಯೆಗಳನ್ನು ಕರ್ನಲ್ ಕೊಡುವುದು ಕಾರ್ಡುಗಳು ಕಣ್ಣಿಗೆ ಬಿದ್ದ ಕ್ರಮದಲ್ಲಿ. ಬೂಟ್ ಆಗುವಾಗ, ಸಾಧನಗಳನ್ನು ಗುರುತಿಸಿ ಸಿದ್ಧಪಡಿಸುವ ಯುಡೆವ್ ಹಲವು ಡ್ರೈವರುಗಳನ್ನು ಒಟ್ಟೊಟ್ಟಿಗೆ ಏರಿಸುತ್ತದೆ, ಹಾಗಾಗಿ ಎರಡು ಬೇರೆ ಬೇರೆ ಡ್ರೈವರಿನ ಕಾರ್ಡುಗಳಲ್ಲಿ ಯಾವುದು ಮೊದಲು ಸಿದ್ಧವಾಗುತ್ತದೆ ಎಂಬುದಕ್ಕೆ ಖಾತರಿ ಇಲ್ಲ. ತಣ್ಣಗಾದ ಯಂತ್ರ ಮೊದಲಿನಿಂದ ಏಳುವುದಕ್ಕೂ ಚಾಲನೆಯಲ್ಲಿದ್ದದ್ದು ರೀಬೂಟ್ ಆಗುವುದಕ್ಕೂ ಹಾರ್ಡ್‌ವೇರ್ ಸಿದ್ಧವಾಗುವ ವೇಳೆ ಬೇರೆಯಾಗುತ್ತದೆ. ತಾವು ಕುಳಿತು ರೀಬೂಟ್ ಮಾಡಿದಾಗ ತೊಂದರೆ ಕಾಣದೆ ರಾತ್ರಿಯೇ ಕಾಣುವುದಕ್ಕೆ ಇದೇ ಕಾರಣವಿರಬೇಕು. ಹಿಂದೆ ಯುಡೆವ್ 70-ಪರ್ಸಿಸ್ಟೆಂಟ್-ನೆಟ್ ಎಂಬ ನಿಯಮದ ಫೈಲಿನಲ್ಲಿ ಪ್ರತಿ ಕಾರ್ಡಿನ ಮ್ಯಾಕ್ ವಿಳಾಸವನ್ನು (ಕಾರ್ಡಿಗೆ ತಯಾರಿಕೆಯಲ್ಲೇ ಬರುವ ಗುರುತಿನ ಸಂಖ್ಯೆ) ಬರೆದಿಟ್ಟು ಹೆಸರನ್ನು ಕಾಯುತ್ತಿತ್ತು. 2013ರಲ್ಲಿ ಸಿಸ್ಟಮ್‌ಡಿ 197ನೇ ಆವೃತ್ತಿ ಸ್ಲಾಟಿನ ಜಾಗ ನೋಡಿ ಇಎನ್‌ಪಿ3ಎಸ್0 ರೀತಿಯ ಹೆಸರಿಡುವ ಪದ್ಧತಿಯನ್ನು ತಂದಿತು, ಡೆಬಿಯನ್ 2017ರ 9ನೇ ಆವೃತ್ತಿಯಿಂದ ಅದನ್ನು ಅನುಸರಿಸಿತು, 2019ರ 10ನೇ ಆವೃತ್ತಿಯಲ್ಲಿ ಹಳೆಯ ನಿಯಮದ ಫೈಲಿಗೆ ಇನ್ನು ಬೆಂಬಲವಿಲ್ಲವೆಂದು ಹೇಳಿತು. ತಮ್ಮ ಯಂತ್ರದಲ್ಲಿ ಹಳೆಯ ಕಾವಲು ಹೋಗಿದೆ, ಗ್ರಬ್ ಸಾಲಿನ ನೆಟ್ ಡಾಟ್ ಇಫ್‌ನೇಮ್ಸ್ 0 ಎಂಬ ಸೂಚನೆ ಹೊಸ ಪದ್ಧತಿಯನ್ನು ತಡೆಯುವುದರಿಂದ ಹೊಸ ಕಾವಲು ಬಂದಿಲ್ಲ. ನಡುವೆ ಉಳಿದದ್ದು ಬರೀ ಓಟದ ಸ್ಪರ್ಧೆ.

ಆ ಸೂಚನೆಯನ್ನು ತೆಗೆದರೂ ಕೆಲಸವಾಗುತ್ತದೆ. ಆದರೆ ಸ್ಲಾಟ್ ನೋಡಿ ಇಟ್ಟ ಹೆಸರೂ, ನಾಳೆ ಯಾರಾದರೂ ಇನ್ನೊಂದು ಕಾರ್ಡನ್ನೋ ಡಿಸ್ಕನ್ನೋ ಸೇರಿಸಿ ಬಸ್ ಸಂಖ್ಯೆಗಳು ಸರಿದರೆ, ಬದಲಾಗಬಹುದು. ತಮ್ಮಂಥ ಕಡೆ ಕಾರ್ಡಿಗೆ ಅದರ ಕೆಲಸದ ಹೆಸರನ್ನೇ ಇಡುವುದು ಒಳ್ಳೆಯದು ಎಂದು ನನ್ನ ಅಭಿಪ್ರಾಯ. ಇಟಿಸಿ ಒಳಗಿನ ಸಿಸ್ಟಮ್‌ಡಿ, ಅದರೊಳಗಿನ ನೆಟ್‌ವರ್ಕ್ ಫೋಲ್ಡರಿನಲ್ಲಿ 10-ಥಂಡಿ ಎಂಬ ಹೆಸರಿನ, ಡಾಟ್ ಲಿಂಕ್ ಎಂದು ಮುಗಿಯುವ ಫೈಲ್ ಮಾಡಿ. ಮ್ಯಾಚ್ ಭಾಗದಲ್ಲಿ ಪರ್ಮನೆಂಟ್‌ಮ್ಯಾಕ್‌ಅಡ್ರೆಸ್ ಎಂದು ಕಾರ್ಡಿನ ಮ್ಯಾಕ್ ವಿಳಾಸ ಕೊಡಿ, ಲಿಂಕ್ ಭಾಗದಲ್ಲಿ ನೇಮ್ ಎಂದು ಥಂಡಿ0 ಕೊಡಿ. ಇನ್ನೊಂದು ಕಾರ್ಡಿಗೆ ಹಾಗೆಯೇ ಕಚೇರಿ0. ಇಲ್ಲಿ ಕನ್ನಡದಲ್ಲಿ ಬರೆದದ್ದನ್ನೆಲ್ಲ ಫೈಲಿನಲ್ಲಿ ರೋಮನ್ ಲಿಪಿಯಲ್ಲಿಯೇ ಬರೆಯಬೇಕು, ಹೆಸರು 15 ಅಕ್ಷರ ಮೀರಬಾರದು. ಬರೀ ಮ್ಯಾಕ್‌ಅಡ್ರೆಸ್ ಎಂದು ಬರೆಯಬೇಡಿ, ಏಕೆಂದರೆ ಬ್ರಿಡ್ಜ್ ಅಥವಾ ವಿಲ್ಯಾನ್ ಎಂಬ, ಸಾಫ್ಟ್‌ವೇರಿನಲ್ಲೇ ಇರುವ ಕಾರ್ಡುಗಳನ್ನು ಮಾಡಿದಾಗ ಅವೂ ಅದೇ ಮ್ಯಾಕ್ ಹೊತ್ತು ಬಂದು ನಿಯಮಕ್ಕೆ ಸಿಕ್ಕಿಕೊಳ್ಳುತ್ತವೆ. ಹೊಸ ಹೆಸರನ್ನಾಗಿ ಈಥ್0, ಈಥ್1ನ್ನೇ ಮತ್ತೆ ಕೊಡಬೇಡಿ. ಕರ್ನಲ್ ಆ ಹೆಸರನ್ನು ಆಗಲೇ ಮತ್ತೊಂದು ಕಾರ್ಡಿಗೆ ಕೊಟ್ಟಿದ್ದರೆ ಬದಲಾವಣೆ ವಿಫಲವಾಗುತ್ತದೆ.

ಬಾಗಲಕೋಟೆ ನವನಗರದ ಸದಸ್ಯೆ · ಮಂಗಳವಾರ ಮಧ್ಯಾಹ್ನ

ನಾನು ಒಂದು ಪ್ರೌಢಶಾಲೆಯ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುತ್ತೇನೆ. ವಿಳಾಸಕ್ಕೂ ಮೊದಲೇ ಸರ್ವಿಸ್ ಏಳುವ ಕ್ರಮದ ತೊಂದರೆಯಲ್ಲಿ ನಾನೂ ಒಂದು ವರ್ಷ ಸಿಕ್ಕಿಬಿದ್ದಿದ್ದೆ, ಹಾಗಾಗಿ ಅದನ್ನು ವಿವರವಾಗಿ ಬರೆಯುತ್ತೇನೆ.

ನಾವೆಲ್ಲ ಮೊದಲು ಮಾಡುವ ತಪ್ಪು, ಸರ್ವಿಸ್ ಫೈಲಿನಲ್ಲಿ ಆಫ್ಟರ್ ನೆಟ್‌ವರ್ಕ್ ಟಾರ್ಗೆಟ್ ಎಂದು ಬರೆದು ನೆಟ್‌ವರ್ಕ್ ಬಂದ ಮೇಲೆಯೇ ಸರ್ವಿಸ್ ಏಳುತ್ತದೆ ಎಂದು ನಂಬುವುದು. ಟಾರ್ಗೆಟ್ ಎಂದರೆ ಬೂಟಿನ ದಾರಿಯ ಒಂದು ಮೈಲಿಗಲ್ಲು. ಬೂಟ್ ವೇಳೆಯಲ್ಲಿ ನೆಟ್‌ವರ್ಕ್ ಟಾರ್ಗೆಟ್ ಹೇಳುವುದು ನೆಟ್‌ವರ್ಕ್ ನೋಡಿಕೊಳ್ಳುವ ಸರ್ವಿಸ್ ಶುರುವಾಗಿದೆ ಎಂದಷ್ಟೇ. ಕಾರ್ಡಿಗೆ ವಿಳಾಸ ಬಂದಿದೆ ಎಂದಲ್ಲ. ಅದರ ನಿಜವಾದ ಉಪಯೋಗ ಯಂತ್ರ ಮುಚ್ಚುವಾಗ: ಅದರ ನಂತರ ಎದ್ದ ಸರ್ವಿಸುಗಳು ನೆಟ್‌ವರ್ಕ್ ಹೋಗುವ ಮೊದಲೇ ಶಿಸ್ತಾಗಿ ನಿಲ್ಲುತ್ತವೆ. ವಿಳಾಸ ಬರುವವರೆಗೆ ಕಾಯಬೇಕಿದ್ದರೆ ನೆಟ್‌ವರ್ಕ್-ಆನ್‌ಲೈನ್ ಟಾರ್ಗೆಟ್ ಬೇಕು, ಅದಕ್ಕೆ ಆಫ್ಟರ್ ಒಂದೇ ಸಾಲದು, ವಾಂಟ್ಸ್ ಕೂಡ ಬರೆಯಬೇಕು. ಊಟಕ್ಕೆ ಕರೆಯುವುದು ಬೇರೆ, ಪಂಕ್ತಿಯಲ್ಲಿ ಯಾರ ನಂತರ ಯಾರು ಕೂಡಬೇಕೆಂದು ಹೇಳುವುದು ಬೇರೆ. ವಾಂಟ್ಸ್ ಕರೆಯುತ್ತದೆ, ಆಫ್ಟರ್ ಕೂಡಿಸುತ್ತದೆ. ಕರೆಯದೇ ಇದ್ದವರ ನಂತರ ಕೂಡು ಎಂದರೆ ಸಿಸ್ಟಮ್‌ಡಿ ಯಾರಿಗೂ ಕಾಯದೆ ಊಟಕ್ಕೆ ಎಲೆ ಹಾಕಿಬಿಡುತ್ತದೆ.

ಆನ್‌ಲೈನ್ ಟಾರ್ಗೆಟ್ ತಾನಾಗಿ ಏನನ್ನೂ ಕಾಯುವುದಿಲ್ಲ. ಕಾಯುವ ಕೆಲಸ ಮಾಡುವುದು ಕಾರ್ಡುಗಳನ್ನು ನೋಡಿಕೊಳ್ಳುವ ಸರ್ವಿಸಿನ ಜೊತೆಗಾರ: ನೆಟ್‌ವರ್ಕ್‌ಮ್ಯಾನೇಜರಿಗೆ ಅದರದೊಂದು ವೇಟ್-ಆನ್‌ಲೈನ್, ಸಿಸ್ಟಮ್‌ಡಿ-ನೆಟ್‌ವರ್ಕ್‌ಡಿಗೆ ಅದರದೊಂದು. ಒಂದು ಕಾರ್ಡನ್ನು ಇಬ್ಬರು ನೋಡಿಕೊಳ್ಳುತ್ತಿದ್ದರೆ ಯಾರು ಯಾವಾಗ ಸಿದ್ಧ ಎನ್ನುತ್ತಾರೋ ತಿಳಿಯದು. ತಾವು ಎರಡೂ ಕಾರ್ಡುಗಳನ್ನು ಹಳೆಯ ಇಂಟರ್‌ಫೇಸಸ್ ಫೈಲಿನಿಂದ ತೆಗೆದು ನೆಟ್‌ವರ್ಕ್‌ಡಿಗೆ ಒಪ್ಪಿಸಿ, ಲೋ (ಯಂತ್ರ ತನ್ನೊಂದಿಗೇ ಮಾತಾಡುವ ಒಳಗಿನ ಇಂಟರ್‌ಫೇಸ್) ಸಾಲನ್ನು ಮಾತ್ರ ಅಲ್ಲಿ ಬಿಡಿ. ನೆಟ್‌ವರ್ಕ್‌ಡಿಯನ್ನು ಎನೇಬಲ್ ಮಾಡಿದರೆ ಅದರ ವೇಟ್-ಆನ್‌ಲೈನ್ ಕೂಡ ಜೊತೆಗೆ ಎನೇಬಲ್ ಆಗುತ್ತದೆ.

ಸ್ಲೀಪ್ ಬಗ್ಗೆ ಒಂದು ಮಾತು. ನಾನು ಲ್ಯಾಬಿನಲ್ಲಿ 10 ಸೆಕೆಂಡಿನಿಂದ ಶುರು ಮಾಡಿ 60ರವರೆಗೆ ಏರಿಸಿದ್ದೆ. ಸಾಕಾಗುವ ದಿನ ಮಕ್ಕಳು ಸುಮ್ಮನೆ ಕಾಯುತ್ತಿದ್ದರು, ಸಾಲದ ದಿನ ಲ್ಯಾಬ್ ಏಳುತ್ತಿರಲಿಲ್ಲ. ಯಾವುದಕ್ಕಾಗಿ ಕಾಯುತ್ತಿದ್ದೇವೆ ಎಂದು ಯಂತ್ರಕ್ಕೆ ಹೇಳದೆ ಎಷ್ಟು ಹೊತ್ತು ಕಾಯಬೇಕು ಎಂದು ಮಾತ್ರ ಹೇಳಿದರೆ ಹೀಗೆಯೇ ಆಗುವುದು.

ಗೋಕಾಕ ಕಡೆಯ ಸದಸ್ಯ, ಬೆಳಗಾವಿ ಜಿಲ್ಲೆ · ಮಂಗಳವಾರ ಸಂಜೆ

ಅಕ್ಕನವರು ಹೇಳಿದ್ದು ಸರಿ, ಆದರೆ ಹಳೆಯ ಇಂಟರ್‌ಫೇಸಸ್ ಫೈಲನ್ನೇ ಇಟ್ಟುಕೊಳ್ಳಬೇಕಾದವರಿಗೂ ದಾರಿ ಇದೆ. ಕಬ್ಬಿನ ಗಾಡಿ ತೂಗುವ ಒಂದು ಕಾಟಾದಲ್ಲಿ ನಾವು ಸಣ್ಣ ಯಂತ್ರವೊಂದನ್ನು ಇಟ್ಟಿದ್ದೇವೆ, ಅದರ ಎರಡನೆಯ ಕಾರ್ಡ್ ಯುಎಸ್‌ಬಿ ಅಡಾಪ್ಟರ್. ಅದಕ್ಕೆ ಆಟೋ ಎಂದು ಬರೆದಿದ್ದೆವು. ಆಟೋ ಎಂದರೆ ಬೂಟ್ ವೇಳೆ ನೆಟ್‌ವರ್ಕಿಂಗ್ ಸರ್ವಿಸ್ ಓಡಿದಾಗಲೇ ಕಾರ್ಡ್ ಇರಬೇಕು. ಅದಕ್ಕೂ ಮೊದಲು ಯುಡೆವ್ ಸರದಿಯಲ್ಲಿದ್ದ ಕೆಲಸ ಮುಗಿಯುವವರೆಗೆ ಕಾಯುವ ಏರ್ಪಾಡು ಇದೆ, ನಿಜ. ಆದರೆ ಯುಎಸ್‌ಬಿ ಅಡಾಪ್ಟರನ್ನು ಕರ್ನಲ್ ಇನ್ನೂ ಗುರುತಿಸಿಯೇ ಇಲ್ಲದಿದ್ದರೆ ಸರದಿಯಲ್ಲಿ ಅದರ ಹೆಸರೇ ಇರುವುದಿಲ್ಲ. ಸರದಿ ಖಾಲಿಯಾಗಿದೆ ಎಂದು ಸರ್ವಿಸ್ ಮುಂದೆ ಹೋಗುತ್ತದೆ, ಸಾಧನ ಸಿಗಲಿಲ್ಲವೆಂದು ಬಿದ್ದುಬಿಡುತ್ತದೆ. ಅಲೌ-ಹಾಟ್‌ಪ್ಲಗ್ ಎಂದು ಬದಲಿಸಿದ ಮೇಲೆ ಕಾರ್ಡ್ ಯಾವಾಗ ಬಂದರೂ ಆಗ ಏಳುತ್ತಿದೆ. ಆ ಕಾರ್ಡಿಗೆ ಕಟ್ಟುಬಿದ್ದ ಸರ್ವಿಸಿನ ಫೈಲಿನಲ್ಲಿ, ಸಿಸ್-ಸಬ್‌ಸಿಸ್ಟಮ್-ನೆಟ್-ಡಿವೈಸಸ್ ಎಂದು ಶುರುವಾಗಿ ಕಾರ್ಡಿನ ಹೆಸರಿನಿಂದ ಮುಗಿಯುವ ಡಿವೈಸ್ ಯೂನಿಟ್ಟಿಗೆ ಬೈಂಡ್ಸ್‌ಟು ಮತ್ತು ಆಫ್ಟರ್ ಎರಡನ್ನೂ ಕೊಟ್ಟೆವು. ಕಾರ್ಡ್ ಇದೆ ಎಂದು ಇದು ಖಾತರಿ ಕೊಡುತ್ತದೆ, ವಿಳಾಸ ಬಂದಿದೆ ಎಂದಲ್ಲ, ಅಷ್ಟನ್ನು ನೆನಪಿಟ್ಟುಕೊಳ್ಳಬೇಕು. ಹಂಗಾಮಿನಲ್ಲಿ ಟ್ರ್ಯಾಕ್ಟರುಗಳು ಸಾಲುಗಟ್ಟಿ ನಿಂತಾಗ ಕಾಟಾ ನಿಂತರೆ ರೈತರ ಕಬ್ಬು ಬಿಸಿಲಿಗೆ ತೂಕ ಕಳೆದುಕೊಳ್ಳುತ್ತದೆ, ಅದಕ್ಕೇ ಇಷ್ಟು ಬರೆದೆ.

ತಿಕೋಟಾ ಕಡೆಯ ಸದಸ್ಯ · ಬುಧವಾರ ಬೆಳಿಗ್ಗೆ

ಎರಡೂ ಲಿಂಕ್ ಫೈಲುಗಳನ್ನು ಮಾಡಿದೆ, ನೆಟ್‌ವರ್ಕ್‌ಡಿಗೆ ಕಾರ್ಡುಗಳನ್ನು ಒಪ್ಪಿಸಿದೆ. ರೀಬೂಟ್ ಮಾಡಿದರೆ ಕಚೇರಿ0 ಬಂತು, ಥಂಡಿ0 ಬರಲಿಲ್ಲ. ಆ ಕಾರ್ಡ್ ಇನ್ನೂ ಈಥ್1 ಎಂದೇ ಇದೆ. ಮ್ಯಾಕ್ ವಿಳಾಸವನ್ನು ಮೂರು ಸಲ ತಾಳೆ ನೋಡಿದ್ದೇನೆ.

ಬೆಳಗಾವಿಯ ಸದಸ್ಯ · ಬುಧವಾರ ಬೆಳಿಗ್ಗೆ

ಒಂದು ಹೆಜ್ಜೆ ಹೇಳುವುದನ್ನು ನಾನು ಮರೆತಿದ್ದೆ, ಕ್ಷಮಿಸಿ. ಡಿಸ್ಕಿನ ಮೂಲ ಫೈಲ್‌ಸಿಸ್ಟಮ್ ಸಿಗುವ ಮೊದಲು ಓಡುವ ಇನಿಟ್‌ರಾಮ್‌ಎಫ್‌ಎಸ್ ಒಳಗೂ ಒಂದು ಯುಡೆವ್ ಇರುತ್ತದೆ, ನೆಟ್‌ವರ್ಕ್ ಡ್ರೈವರುಗಳೂ ಇರುತ್ತವೆ. ಆ ಹಂತದಲ್ಲೇ ಡ್ರೈವರ್ ಏರಿಬಿಟ್ಟರೆ ಹೆಸರಿಡುವ ಸಂದರ್ಭವೂ ಅಲ್ಲೇ ಬರುತ್ತದೆ, ಆದರೆ ತಮ್ಮ ಹೊಸ ಲಿಂಕ್ ಫೈಲಿನ ಪ್ರತಿ ಅದರೊಳಗೆ ಇನ್ನೂ ಹೋಗಿಲ್ಲ. ಅಪ್‌ಡೇಟ್-ಇನಿಟ್‌ರಾಮ್‌ಎಫ್‌ಎಸ್ ಆಜ್ಞೆಯನ್ನು ಮೈನಸ್ ಯು ಕೊಟ್ಟು ಓಡಿಸಿ, ನಂತರ ರೀಬೂಟ್ ಮಾಡಿ. ಮುಂದೆ ಲಿಂಕ್ ಫೈಲನ್ನು ಮುಟ್ಟಿದಾಗಲೆಲ್ಲ ಇದನ್ನು ಮಾಡಬೇಕು.

ಇನ್ನೊಂದು ಎಚ್ಚರಿಕೆ. ಮೊದಲು ರೂಟರಿನಿಂದ ಬಂದ ಡಿಎನ್‌ಎಸ್ ವಿಳಾಸವನ್ನು (ಸೈಟಿನ ಹೆಸರಿಗೆ ಅಂಕಿಯ ವಿಳಾಸ ಹುಡುಕಿಕೊಡುವ ಸರ್ವರಿನದು) ರಿಸಾಲ್ವ್ ಫೈಲಿಗೆ ಬರೆಯುತ್ತಿದ್ದದ್ದು, ರೂಟರಿನಿಂದ ವಿಳಾಸ ಕೇಳಿ ಪಡೆಯುವ ಹಳೆಯ ಡಿಎಚ್‌ಸಿಪಿ ಕ್ಲೈಂಟ್. ನೆಟ್‌ವರ್ಕ್‌ಡಿ ತಾನಾಗಿ ಆ ಫೈಲನ್ನು ಬರೆಯುವುದಿಲ್ಲ, ಸಿಸ್ಟಮ್‌ಡಿ-ರಿಸಾಲ್ವ್‌ಡಿಯ ಕೈಗೆ ಕೊಡುತ್ತದೆ. ಡೆಬಿಯನ್ 12ರಲ್ಲಿ ಅದು ಪ್ರತ್ಯೇಕ ಪ್ಯಾಕೇಜ್. ಅದನ್ನು ಹಾಕಿ, ಇಲ್ಲವೇ ಫೈಲಿನಲ್ಲಿ ಡಿಎನ್‌ಎಸ್ ವಿಳಾಸವನ್ನು ಕೈಯಾರೆ ಬರೆಯಿರಿ. ಇಲ್ಲದಿದ್ದರೆ ಮುಂದೊಂದು ದಿನ ರೂಟರ್ ಬದಲಾದಾಗ ಹಳೆಯ ಡಿಎನ್‌ಎಸ್ ವಿಳಾಸ ಉಳಿದು ಹೊಸ ತಲೆನೋವಾಗುತ್ತದೆ.

ತಿಕೋಟಾ ಕಡೆಯ ಸದಸ್ಯ · ಬುಧವಾರ ಮಧ್ಯಾಹ್ನ

ಥಂಡಿ0 ಬಂತು ಸರ್. ಪ್ಲಗ್ ಕಿತ್ತು ಆರು ಸಲ ಮೊದಲಿನಿಂದ ಎಬ್ಬಿಸಿ ನೋಡಿದೆ, ಹೆಸರು ಒಮ್ಮೆಯೂ ಅದಲುಬದಲಾಗಲಿಲ್ಲ. ಸಂಗ್ರಹದ ಪ್ರೋಗ್ರಾಂ ಮಾತ್ರ ಒಂದು ಸಲ ಸತ್ತಿತ್ತು.

ಬಾಗಲಕೋಟೆ ನವನಗರದ ಸದಸ್ಯೆ · ಬುಧವಾರ ಸಂಜೆ

ರೀಸ್ಟಾರ್ಟ್ ಸಾಲು ಇದ್ದರೂ ಸಿಸ್ಟಮ್‌ಡಿ ಏಕೆ ಕೈಬಿಟ್ಟಿತು ಎಂದು ತಾವು ಸೋಮವಾರ ಕೇಳಿದ್ದಕ್ಕೆ ಇಲ್ಲಿ ಉತ್ತರವಿದೆ. ಬೇರೆ ಏನೂ ಹೇಳದಿದ್ದರೆ ಸತ್ತ ಸರ್ವಿಸನ್ನು ಸಿಸ್ಟಮ್‌ಡಿ 100 ಮಿಲಿಸೆಕೆಂಡಿನಲ್ಲಿ ಮತ್ತೆ ಎಬ್ಬಿಸುತ್ತದೆ, 10 ಸೆಕೆಂಡಿನೊಳಗೆ 5 ಸಲಕ್ಕಿಂತ ಹೆಚ್ಚು ಎಬ್ಬಿಸಬೇಕಾಗಿ ಬಂದರೆ ಇದರಲ್ಲಿ ಏನೋ ದೋಷವಿದೆ ಎಂದು ಕೈಬಿಡುತ್ತದೆ. ತಮ್ಮ ಪ್ರೋಗ್ರಾಂ ವಿಳಾಸ ಸಿಗದೆ ತಕ್ಷಣ ಸಾಯುವುದರಿಂದ ಐದೂ ಅವಕಾಶಗಳು ಒಂದೆರಡು ಸೆಕೆಂಡಿನೊಳಗೆ ಮುಗಿದುಹೋಗುತ್ತವೆ, ಸೆನ್ಸರ್ ಸ್ವಿಚ್ ಅಷ್ಟರಲ್ಲಿ ದೀಪವನ್ನೂ ಹಚ್ಚಿರುವುದಿಲ್ಲ. ರೀಸ್ಟಾರ್ಟ್‌ಸೆಕ್ 5 ಎಂದು ಬರೆಯಿರಿ. ಆಗ 10 ಸೆಕೆಂಡಿನಲ್ಲಿ ಎರಡೋ ಮೂರೋ ಸಲ ಮಾತ್ರ ಏಳುತ್ತದೆ, ಮಿತಿಯನ್ನು ಎಂದೂ ತಲುಪುವುದಿಲ್ಲ.

ವಿಳಾಸ ಏಕೆ ತಡವಾಗುತ್ತದೆ ಎಂಬುದಕ್ಕೂ ಕಾರಣ ಆ ಸ್ವಿಚ್ಚೇ. ಕರೆಂಟ್ ಬಂದಾಗ ಸ್ವಿಚ್ಚೂ ಯಂತ್ರವೂ ಒಟ್ಟಿಗೆ ಏಳುತ್ತವೆ. ತಂತಿಯ ಆ ಕಡೆ ಜೀವ ಬರುವವರೆಗೆ ನೆಟ್‌ವರ್ಕ್‌ಡಿ ಸ್ಥಿರ ವಿಳಾಸವನ್ನೂ ಕಾರ್ಡಿಗೆ ಹಾಕುವುದಿಲ್ಲ. ಥಂಡಿ0ದ ನೆಟ್‌ವರ್ಕ್ ಫೈಲಿನಲ್ಲಿ ಕಾನ್ಫಿಗರ್‌ವಿತೌಟ್‌ಕ್ಯಾರಿಯರ್ ಯೆಸ್ ಎಂದು ಕೊಟ್ಟರೆ ಸ್ವಿಚ್ ಏಳದಿದ್ದರೂ ವಿಳಾಸ ಕೂಡಲೇ ಬರುತ್ತದೆ. ಡಿಎನ್‌ಎಸ್‌ಮಾಸ್ಕಿನ ಫೈಲಿನಲ್ಲಿ ಇಂಟರ್‌ಫೇಸ್ ಥಂಡಿ0 ಎಂದು ಬದಲಿಸಿ, ಬೈಂಡ್-ಇಂಟರ್‌ಫೇಸಸ್ ಇದ್ದರೆ ತೆಗೆದು ಬೈಂಡ್-ಡೈನಾಮಿಕ್ ಹಾಕಿ. ಆಗ ಕಾರ್ಡ್ ಇಲ್ಲದಿದ್ದರೂ ಅದು ಸಾಯದೆ ಕಾಯುತ್ತದೆ, ಬಂದ ಮೇಲೆ ಹಿಡಿದುಕೊಳ್ಳುತ್ತದೆ.

ಗೋಕಾಕ ಕಡೆಯ ಸದಸ್ಯ · ಬುಧವಾರ ರಾತ್ರಿ

ಐಪಿ-ನಾನ್‌ಲೋಕಲ್-ಬೈಂಡ್ ಎಂಬ ಕರ್ನಲ್ ಸೆಟ್ಟಿಂಗನ್ನು 1 ಮಾಡಿದರೆ, ಕಾರ್ಡಿಗೆ ಇನ್ನೂ ಬರದ ವಿಳಾಸವನ್ನೂ ಪ್ರೋಗ್ರಾಂ ಹಿಡಿಯಬಹುದಲ್ಲವೇ? ಇಷ್ಟೆಲ್ಲ ಬದಲಾವಣೆಯ ಬದಲು ಒಂದೇ ಸಾಲಿನಲ್ಲಿ ಮುಗಿಯುತ್ತದೆ.

ಬಾಗಲಕೋಟೆ ನವನಗರದ ಸದಸ್ಯೆ · ಬುಧವಾರ ರಾತ್ರಿ

ಹಿಡಿಯಬಹುದು, ಆದರೆ ಆ ಸೆಟ್ಟಿಂಗ್ ಯಂತ್ರದ ಎಲ್ಲ ಪ್ರೋಗ್ರಾಮುಗಳಿಗೂ ಅನ್ವಯಿಸುತ್ತದೆ. ಇವರ ಯಂತ್ರದಲ್ಲಿ ನಾಳೆ ಯಾರಾದರೂ ವಿಳಾಸವನ್ನು ತಪ್ಪಾಗಿ ಬರೆದರೂ ಪ್ರೋಗ್ರಾಂ ದೂರು ಹೇಳದೆ ಎದ್ದು ನಿಲ್ಲುತ್ತದೆ, ಒಂದೂ ಅಂಕಿ ಬರುವುದಿಲ್ಲ, ತಪ್ಪು ಎಲ್ಲಿದೆಯೋ ತಿಳಿಯುವುದಿಲ್ಲ. ಸತ್ತು ದಾಖಲೆ ಬರೆಯುವ ಪ್ರೋಗ್ರಾಂ ಇಂಥ ಕಡೆ ಹೆಚ್ಚು ನಂಬಿಕೆಯದು ಎಂದು ನನಗೆ ಅನ್ನಿಸುತ್ತದೆ. ಒಂದೇ ವಿಳಾಸವನ್ನು ಎರಡು ಯಂತ್ರಗಳು ಸರದಿಯಲ್ಲಿ ಹೊರುವ ಕಡೆ ಅದು ಬೇಕಾಗುತ್ತದೆ, ಇಲ್ಲಿ ಬೇಡ.

ತಿಕೋಟಾ ಕಡೆಯ ಸದಸ್ಯ · ಶುಕ್ರವಾರ ಬೆಳಿಗ್ಗೆ

ಅಕ್ಕನವರು ಹೇಳಿದಂತೆ ಮಾಡಿದ್ದೇನೆ. ನಿನ್ನೆ ಸೆನ್ಸರ್ ಸ್ವಿಚ್ಚನ್ನು ಬೇಕೆಂತಲೇ ಆರಿಸಿ ಬೂಟ್ ಮಾಡಿದೆ. ಸಂಗ್ರಹದ ಪ್ರೋಗ್ರಾಮೂ ಡಿಎನ್‌ಎಸ್‌ಮಾಸ್ಕೂ ತಕ್ಷಣ ಎದ್ದವು, ಆದರೆ ಹೊರಗೆ ಕಳುಹಿಸುವ ಪ್ರೋಗ್ರಾಂ ಸರಿಯಾಗಿ 2 ನಿಮಿಷ ತಡವಾಗಿ ಎದ್ದಿತು, ವೇಟ್-ಆನ್‌ಲೈನ್ ವಿಫಲವಾಯಿತು ಎಂದೂ ಬರೆದಿದೆ. ಕಚೇರಿಯ ಇಂಟರ್ನೆಟ್ ಅಷ್ಟರಲ್ಲಿ ಚೆನ್ನಾಗಿಯೇ ಇತ್ತು.

ಬೆಳಗಾವಿಯ ಸದಸ್ಯ · ಶುಕ್ರವಾರ ಬೆಳಿಗ್ಗೆ

ನೆಟ್‌ವರ್ಕ್‌ಡಿಯ ವೇಟ್-ಆನ್‌ಲೈನ್ ಬೇರೆ ಹೇಳದಿದ್ದರೆ ತಾನು ನೋಡಿಕೊಳ್ಳುವ ಎಲ್ಲ ಕಾರ್ಡುಗಳಿಗೂ ಕಾಯುತ್ತದೆ, ಹೆಚ್ಚೆಂದರೆ 120 ಸೆಕೆಂಡು. ತಂತಿಗೆ ಜೀವವಿಲ್ಲದ ಥಂಡಿ0 ಅದರ ದೃಷ್ಟಿಯಲ್ಲಿ ಸಿದ್ಧವಾಗಲೇ ಇಲ್ಲ. ಥಂಡಿ0ದ ನೆಟ್‌ವರ್ಕ್ ಫೈಲಿನ ಲಿಂಕ್ ಭಾಗದಲ್ಲಿ ರಿಕ್ವೈರ್ಡ್‌ಫಾರ್‌ಆನ್‌ಲೈನ್ ನೋ ಎಂದು ಬರೆಯಿರಿ. ಆನ್‌ಲೈನ್ ಟಾರ್ಗೆಟ್ಟಿಗೆ ಕಾಯಬೇಕಾದದ್ದು ಹೊರಗೆ ಕಳುಹಿಸುವ ಪ್ರೋಗ್ರಾಂ ಒಂದೇ, ಅದಕ್ಕೆ ಬೇಕಾದದ್ದು ಕಚೇರಿ0 ಮಾತ್ರ.

ಆ ಪ್ರೋಗ್ರಾಮಿನ ಬಗ್ಗೆಯೂ ಹೇಳಿಬಿಡುತ್ತೇನೆ. ಆನ್‌ಲೈನ್ ಎಂದರೆ ಈ ಯಂತ್ರದ ಕಾರ್ಡಿಗೆ ವಿಳಾಸ ಬಂದಿದೆ ಎಂದರ್ಥ, ಇಂಟರ್ನೆಟ್ ಬಂದಿದೆ ಎಂದಲ್ಲ. ಕರೆಂಟ್ ಬಂದ ಮೇಲೆ ರೂಟರ್ ಕಚೇರಿಗೆ ವಿಳಾಸ ಹಂಚಲು ಶುರು ಮಾಡಿದರೂ ಅದರ ಹೊರಗಿನ ಸಂಪರ್ಕ ಕೂಡಲು ಇನ್ನಷ್ಟು ಹೊತ್ತು ಬೇಕಾಗಬಹುದು. ಯಾವ ಟಾರ್ಗೆಟ್ಟೂ ಇದನ್ನು ಕಾಯಲಾರದು, ಬೂಟ್ ಆದ ಮೇಲೆ ನಡುರಾತ್ರಿ ಸಂಪರ್ಕ ಕಡಿದರಂತೂ ಟಾರ್ಗೆಟ್ ಎಂದೋ ಮುಗಿದ ಕಥೆ. ಕಳುಹಿಸಲು ಆಗದಿದ್ದರೆ ಅಂಕಿಗಳನ್ನು ಡಿಸ್ಕಿನಲ್ಲಿ ಉಳಿಸಿಕೊಂಡು ಮುಂದಿನ ಸರದಿಯಲ್ಲಿ ಸೇರಿಸಿ ಕಳುಹಿಸುವಂತೆ ಪ್ರೋಗ್ರಾಮನ್ನೇ ಬದಲಿಸಿ.

ತಿಕೋಟಾ ಕಡೆಯ ಸದಸ್ಯ · ಮುಂದಿನ ಬುಧವಾರ ಬೆಳಿಗ್ಗೆ

ನಿನ್ನೆ ರಾತ್ರಿ ಮಳೆ ಗಾಳಿಗೆ ಕರೆಂಟ್ ಹೋಗಿ ಯುಪಿಎಸ್ ಕೂಡ ಮುಗಿದಿತ್ತು. ಬೆಳಿಗ್ಗೆ ಬಂದು ದಾಖಲೆ ನೋಡಿದೆ. ಯಂತ್ರ ಎದ್ದದ್ದು 3 ಗಂಟೆ 12 ನಿಮಿಷಕ್ಕೆ. ಥಂಡಿ0, ಕಚೇರಿ0 ಹೆಸರುಗಳು ಸರಿಯಾಗಿವೆ. ಸಂಗ್ರಹದ ಪ್ರೋಗ್ರಾಂ ಒಂದು ಸಲ ಸತ್ತು 5 ಸೆಕೆಂಡಿನ ನಂತರ ಎದ್ದು ನಿಂತಿದೆ. ಮೊದಲ ಸೆನ್ಸರ್ ಅಂಕಿ 3 ಗಂಟೆ 14 ನಿಮಿಷಕ್ಕೆ ಬಂದಿದೆ. ಹೊರಗಿನ ಸಂಪರ್ಕ ಬಂದದ್ದು ಬೆಳಗಿನ 5ರ ನಂತರ, ಅಲ್ಲಿಯವರೆಗಿನ ಅಂಕಿಗಳೆಲ್ಲ ಒಟ್ಟಿಗೆ ಹೋಗಿವೆ. ಲೆಕ್ಕದ ವಿಭಾಗದವರು ಎಂದಿನಂತೆ ಕೆಲಸ ಶುರು ಮಾಡಿದ್ದಾರೆ. ಸ್ಲೀಪ್ ಸಾಲಿದ್ದ ಸ್ಕ್ರಿಪ್ಟನ್ನು ಅಳಿಸಿದ್ದೇನೆ. ಎರಡೂ ಕಾರ್ಡುಗಳ ಮ್ಯಾಕ್ ವಿಳಾಸ, ಹೆಸರು, ಕೇಬಲ್ ಹೋಗುವ ಜಾಗವನ್ನು ಒಂದು ಕಾಗದದಲ್ಲಿ ಬರೆದು ಯಂತ್ರದ ಡಬ್ಬಿಗೆ ಅಂಟಿಸಿದ್ದೇನೆ. ಕಾರ್ಡ್ ಸುಟ್ಟು ಹೊಸದು ಹಾಕುವ ದಿನ ಲಿಂಕ್ ಫೈಲಿನ ಮ್ಯಾಕ್ ಬದಲಿಸಿ ಇನಿಟ್‌ರಾಮ್‌ಎಫ್‌ಎಸ್ ಮತ್ತೆ ಕಟ್ಟಬೇಕೆಂಬುದನ್ನೂ ಅದರಲ್ಲೇ ಸೇರಿಸಿದ್ದೇನೆ. ಮೂವರಿಗೂ ಶರಣು.